ಹೆಚ್ಚು, ಕಡಿಮೆ, ಸಮ: ಚಿಕ್ಕ ಮಕ್ಕಳಿಗೆ ಪ್ರಮಾಣಗಳ ಹೋಲಿಕೆಯನ್ನು ಕಲಿಸುವ ಕ್ರಮ

ಚಿಕ್ಕ ಮಕ್ಕಳ ಗಣಿತವೆಂದರೆ ಎಣಿಕೆ ಎಂದು ಭಾವಿಸಿ, ಒಂದರಿಂದ ನೂರರವರೆಗೆ ಬಾಯಿಪಾಠ ಮಾಡಿಸುವುದರಿಂದಲೇ ಕಲಿಕೆಯನ್ನು ಆರಂಭಿಸುವುದು ವಾಡಿಕೆಯಾಗಿದೆ. ಆದರೆ ಎರಡು ಗುಂಪುಗಳಲ್ಲಿ ಯಾವುದರಲ್ಲಿ ಹೆಚ್ಚು ವಸ್ತುಗಳಿವೆ, ಯಾವುದರಲ್ಲಿ ಕಡಿಮೆ ಇವೆ, ಎರಡೂ ಸಮವಾಗಿವೆಯೇ ಎಂಬುದನ್ನು ತಿಳಿಯಲು ಎಣಿಕೆ ಬೇಕೇ ಬೇಕೆಂದಿಲ್ಲ. ನೂರರವರೆಗೆ ತಡವರಿಸದೆ ಹೇಳುವ ಮಗುವೂ ಏಳು ಮತ್ತು ಒಂಬತ್ತರಲ್ಲಿ ಯಾವುದು ದೊಡ್ಡದು ಎಂದು ಕೇಳಿದಾಗ ಸುಮ್ಮನಾಗಿಬಿಡುವುದುಂಟು. ಏಕೆಂದರೆ ಆ ಮಗುವಿಗೆ ಸಂಖ್ಯೆಗಳ ಹೆಸರುಗಳು ಗೊತ್ತಿವೆ, ಹೆಸರಿನ ಹಿಂದಿರುವ ಪ್ರಮಾಣ ಇನ್ನೂ ಗೊತ್ತಾಗಿಲ್ಲ. ಸುಮಾರು ಮೂರರಿಂದ ಏಳು ವರ್ಷದ ಮಕ್ಕಳಿಗೆ ಕಲಿಸುವ ಪೋಷಕರು ಮತ್ತು ಶಿಕ್ಷಕರು ಅನುಸರಿಸಬಹುದಾದ ಕ್ರಮ ಹೀಗಿದೆ: ಮೊದಲು ಕಣ್ಣಳತೆ, ನಂತರ ಒಂದಕ್ಕೊಂದು ಜೋಡಿಸಿ ನೋಡುವುದು, ಆಮೇಲೆ ಎಣಿಸಿ ಹೋಲಿಸುವುದು, ಅದಾದ ಮೇಲೆ ಅಂಕಿಗಳ ಹೋಲಿಕೆ, ಎಲ್ಲಕ್ಕೂ ಕೊನೆಯಲ್ಲಿ ಚಿಹ್ನೆಗಳು. ಮಕ್ಕಳಿಗೆ ಈ ವಿಷಯ ಕಷ್ಟವಾಗುವುದು ಬಹುಮಟ್ಟಿಗೆ ಈ ಕ್ರಮವನ್ನು ತಲೆಕೆಳಗು ಮಾಡಿದಾಗ.

ಕಣ್ಣಳತೆಯಿಂದ ಆರಂಭ

ಮಗು ಏನೂ ತಿಳಿಯದೆ ನಮ್ಮ ಬಳಿಗೆ ಬರುವುದಿಲ್ಲ. ಆರು ತಿಂಗಳ ಶಿಶುಗಳಿಗೆ ಚುಕ್ಕಿಗಳ ಚಿತ್ರಗಳನ್ನು ತೋರಿಸಿ ಫೀ ಶೂ ಮತ್ತು ಎಲಿಜಬೆತ್ ಸ್ಪೆಲ್ಕಿ ನಡೆಸಿದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಯಿತು. ಆ ವಯಸ್ಸಿನ ಶಿಶುಗಳು 8 ಚುಕ್ಕಿಗಳಿಗೂ 16 ಚುಕ್ಕಿಗಳಿಗೂ ಇರುವ ವ್ಯತ್ಯಾಸವನ್ನು ಗುರುತಿಸಿದವು, ಆದರೆ 8 ಮತ್ತು 12ರ ನಡುವಿನ ವ್ಯತ್ಯಾಸವನ್ನು ಗುರುತಿಸಲಿಲ್ಲ. ವಯಸ್ಸು ಏರಿದಂತೆ ಈ ನೋಟ ಸೂಕ್ಷ್ಮವಾಗುತ್ತ ಹೋಗುತ್ತದೆ. ಆದರೂ ವಯಸ್ಕರಲ್ಲಿಯೂ ಇದರ ಸ್ವಭಾವ ಬದಲಾಗುವುದಿಲ್ಲ: ಕಣ್ಣಿಗೆ ಮುಖ್ಯವಾಗುವುದು ಎರಡು ಗುಂಪುಗಳ ನಡುವಿನ ಅನುಪಾತವೇ ಹೊರತು ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವ ಸಂಖ್ಯೆಯಲ್ಲ. 4 ಮತ್ತು 8 ಮಣಿಗಳ ನಡುವೆ ಹೆಚ್ಚು ಯಾವುದೆಂದು ಯಾರಿಗಾದರೂ ಒಂದೇ ನೋಟಕ್ಕೆ ತಿಳಿಯುತ್ತದೆ. 24 ಮತ್ತು 28ರ ನಡುವೆಯೂ ಅಂತರ ನಾಲ್ಕೇ, ಆದರೆ ಅಲ್ಲಿ ದೊಡ್ಡವರೂ ತಡೆದು ನೋಡಬೇಕಾಗುತ್ತದೆ.

ಆದ್ದರಿಂದ ಮೊದಲ ಚಟುವಟಿಕೆಗಳಲ್ಲಿ ಗುಂಪುಗಳ ನಡುವೆ ದೊಡ್ಡ ಅಂತರವಿರಲಿ. ಎರಡು ತಟ್ಟೆಗಳಲ್ಲಿ ಒಂದರಲ್ಲಿ 2, ಇನ್ನೊಂದರಲ್ಲಿ 8 ಹರಳುಗಳನ್ನಿಟ್ಟು, "ಯಾವ ತಟ್ಟೆಯಲ್ಲಿ ಹೆಚ್ಚು ಇವೆ?" ಎಂದು ಕೇಳಬೇಕು. ಇದು ಸಲೀಸಾದ ಬಳಿಕ 4 ಮತ್ತು 8, ಆಮೇಲೆ 6 ಮತ್ತು 9, ಕೊನೆಗೆ 7 ಮತ್ತು 8 ಎಂದು ಅಂತರವನ್ನು ಕುಗ್ಗಿಸುತ್ತ ಬರಬೇಕು. ಮೂರರವರೆಗಿನ ಗುಂಪುಗಳನ್ನು ಮಕ್ಕಳು ಎಣಿಸದೆಯೇ ಗುರುತಿಸುವುದರಿಂದ 1, 2, 3ರ ಹೋಲಿಕೆಗಳು ಹೇಗೂ ಸುಲಭವಾಗಿರುತ್ತವೆ. 7 ಮತ್ತು 8ರ ಮುಂದೆ ಮಗು ತಡವರಿಸಿದರೆ ಅದನ್ನು ಸೋಲೆಂದು ತಿಳಿಯಬಾರದು. ಕಣ್ಣು ಸಾಲದು, ಬೇರೆ ಉಪಾಯ ಬೇಕು ಎಂದು ಮಗುವಿಗೆ ಮನವರಿಕೆಯಾಗುವುದು ಆ ತಡವರಿಕೆಯಿಂದಲೇ, ಮತ್ತು ಮುಂದಿನ ಹಂತಕ್ಕೆ ಬಾಗಿಲು ಅದೇ.

ಆರಂಭದಲ್ಲಿ ಎರಡೂ ತಟ್ಟೆಗಳಲ್ಲಿ ಒಂದೇ ಗಾತ್ರದ ವಸ್ತುಗಳಿರಲಿ. ಮೂರು ದೊಡ್ಡ ಚೆಂಡುಗಳನ್ನೂ ಐದು ಸಣ್ಣ ಮಣಿಗಳನ್ನೂ ಎದುರೆದುರು ಇಟ್ಟರೆ ಮಗು ಚೆಂಡುಗಳ ಕಡೆ ಬೆರಳು ತೋರಿಸಬಹುದು. ಜಾಗದ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ, ಏಕೆಂದರೆ ನಾವು ಕೇಳಿದ್ದು ಯಾವುದರ ಹೆಚ್ಚಳ ಎಂಬುದನ್ನು ನಾವೇ ಸ್ಪಷ್ಟಪಡಿಸಿರುವುದಿಲ್ಲ. ಗಾತ್ರ ಬೇರೆ, ಸಂಖ್ಯೆ ಬೇರೆ ಎಂಬುದನ್ನು ತೋರಿಸುವ ಇಂತಹ ಉದಾಹರಣೆಗಳನ್ನು ಕೆಲವು ವಾರಗಳ ನಂತರ ಬೇಕೆಂದೇ ತರಬೇಕು, ಮೊದಲ ದಿನವೇ ಅಲ್ಲ.

ಮಾತಿನ ಬಳಕೆ

"ಹೆಚ್ಚು", "ಜಾಸ್ತಿ", "ಇನ್ನೂ ಬೇಕು" ಎಂಬ ಮಾತುಗಳು ಮಗುವಿನ ಕಿವಿಗೆ ದಿನವೂ ಬೀಳುತ್ತವೆ. "ಕಡಿಮೆ" ಎಂಬುದು ಅಷ್ಟಾಗಿ ಬೀಳುವುದಿಲ್ಲ. ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜಾರ್ಜ್ ಬಾಲ್‌ಫರ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಇರುವ ಗುಂಪನ್ನು ತೋರಿಸಲು ಕೇಳಿದಾಗಲೂ ಚಿಕ್ಕ ಮಕ್ಕಳು ಹೆಚ್ಚಿರುವ ಗುಂಪನ್ನೇ ತೋರಿಸಿದ್ದರು. ನಂತರದ ಪ್ರಯೋಗಗಳಲ್ಲಿ ಈ ಗೊಂದಲ ಅಷ್ಟೇ ತೀವ್ರವಾಗಿ ಕಾಣಲಿಲ್ಲವಾದರೂ, "ಕಡಿಮೆ" ನಿಧಾನವಾಗಿ ನೆಲೆಯೂರುವ ಮಾತು ಎಂಬುದರಲ್ಲಿ ಸಂಶಯವಿಲ್ಲ. ಇದಕ್ಕೆ ಪರಿಹಾರ ಸರಳವಾಗಿದೆ. ಒಂದು ಹೋಲಿಕೆಯನ್ನು ಯಾವಾಗಲೂ ಎರಡೂ ಕಡೆಯಿಂದ ಹೇಳಬೇಕು: "ಮುಚ್ಚಳಗಳಿಗಿಂತ ಡಬ್ಬಿಗಳು ಹೆಚ್ಚು, ಡಬ್ಬಿಗಳಿಗಿಂತ ಮುಚ್ಚಳಗಳು ಕಡಿಮೆ." ಬರಿದೇ "ಇದು ಹೆಚ್ಚು" ಎಂದು ನಿಲ್ಲಿಸದೆ, ಯಾವುದಕ್ಕಿಂತ ಎಂಬುದನ್ನು ಪ್ರತಿ ಸಲವೂ ಸೇರಿಸಬೇಕು. ಐದು ಎಂಬುದು ತಾನಾಗಿಯೇ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ; ಮೂರರ ಪಕ್ಕದಲ್ಲಿ ಹೆಚ್ಚು, ಎಂಟರ ಪಕ್ಕದಲ್ಲಿ ಕಡಿಮೆ. ಒಂದೇ ತಟ್ಟೆಯನ್ನು ಬೇರೆ ಬೇರೆ ತಟ್ಟೆಗಳ ಪಕ್ಕದಲ್ಲಿಟ್ಟು ಕೇಳಿದರೆ ಮಗುವಿಗೆ ಇದು ವಿವರಣೆಯಿಲ್ಲದೆ ತಿಳಿಯುತ್ತದೆ.

"ಸಮ" ಎಂಬುದನ್ನು ಆರಂಭದಿಂದಲೇ ಸೇರಿಸಬೇಕು. ಪ್ರತಿ ಸಲವೂ ಒಂದು ಗುಂಪು ಹೆಚ್ಚಾಗಿಯೇ ಇದ್ದರೆ, ಯಾವುದಾದರೊಂದನ್ನು ಆರಿಸಲೇಬೇಕು ಎಂದು ಮಗು ತೀರ್ಮಾನಿಸಿಬಿಡುತ್ತದೆ. ಆಗಾಗ ಎರಡರಲ್ಲೂ ಐದೈದು ವಸ್ತುಗಳನ್ನಿಟ್ಟು ಅದೇ ಧಾಟಿಯಲ್ಲಿ ಕೇಳಿ ನೋಡಬೇಕು.

ಒಂದಕ್ಕೊಂದು ಜೋಡಿಸುವುದು

ಹೋಲಿಕೆಯ ಕಲಿಕೆಯಲ್ಲಿ ಅತ್ಯಂತ ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ, ಆದರೆ ಅತ್ಯಂತ ಬೇಗ ದಾಟಿಹೋಗುವುದೂ ಇದನ್ನೇ. ಎರಡು ಗುಂಪುಗಳ ವಸ್ತುಗಳನ್ನು ಒಂದಕ್ಕೊಂದರಂತೆ ಜೋಡಿಸುತ್ತ ಹೋದಾಗ ಯಾವ ಗುಂಪಿನಲ್ಲಿ ಜೋಡಿಯಿಲ್ಲದೆ ಉಳಿಯುತ್ತವೆಯೋ ಅದೇ ಹೆಚ್ಚು; ಎರಡರಲ್ಲೂ ಏನೂ ಉಳಿಯದಿದ್ದರೆ ಅವು ಸಮ. ಇದರಲ್ಲಿ ಎಣಿಕೆ ಎಲ್ಲಿಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗಣಿತಜ್ಞ ಗೇಯಾರ್ಗ್ ಕ್ಯಾಂಟರ್ ಅನಂತ ಗಣಗಳನ್ನು, ಅಂದರೆ ಎಣಿಸಿ ಮುಗಿಯದ ಗುಂಪುಗಳನ್ನು, ಹೋಲಿಸಿದ್ದೂ ಇದೇ ವಿಧಾನದಿಂದ ಎಂಬುದನ್ನು ನೆನೆದರೆ, ಇದನ್ನು ಬರೀ ಮಕ್ಕಳಾಟವೆಂದು ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಮೊದಲಿಗೆ ಸಹಜವಾಗಿಯೇ ಜೊತೆಯಾಗುವ ವಸ್ತುಗಳನ್ನು ಆರಿಸಬೇಕು: ಡಬ್ಬಿ ಮತ್ತು ಮುಚ್ಚಳ, ಬಟ್ಟಲು ಮತ್ತು ಚಮಚ, ಗೊಂಬೆ ಮತ್ತು ಟೋಪಿ. ಆರು ಬಟ್ಟಲುಗಳನ್ನು ಸಾಲಾಗಿಟ್ಟು, ಏಳು ಚಮಚಗಳನ್ನು ರಾಶಿಯಾಗಿ ಕೊಡಬೇಕು. ಜೋಡಿಸುವ ಮುನ್ನ ಊಹಿಸಲು ಹೇಳಬೇಕು: "ಎಲ್ಲ ಬಟ್ಟಲುಗಳಿಗೂ ಚಮಚ ಸಿಗುತ್ತದೆಯೇ?" ಊಹೆ ಸರಿಯೋ ತಪ್ಪೋ ಎಂದು ನಾವು ಹೇಳಬೇಕಾಗಿಲ್ಲ, ವಸ್ತುಗಳೇ ಹೇಳುತ್ತವೆ. ಮಗು ಪ್ರತಿ ಬಟ್ಟಲಿಗೆ ಒಂದೊಂದು ಚಮಚ ಹಾಕಿದ ಮೇಲೆ, ಕೈಯಲ್ಲುಳಿದ ಒಂದನ್ನು ತೋರಿಸಿ ಮಾತನಾಡಬೇಕು: "ಈ ಚಮಚಕ್ಕೆ ಬಟ್ಟಲು ಸಿಗಲಿಲ್ಲ. ಹಾಗಾದರೆ ಯಾವುದು ಹೆಚ್ಚು?" ಕೆಲವು ಮಕ್ಕಳು ಒಂದೇ ಬಟ್ಟಲಿಗೆ ಎರಡು ಚಮಚ ಹಾಕಿ ಎಲ್ಲವನ್ನೂ ಮುಗಿಸಿಬಿಡುತ್ತಾರೆ, ಅವರಿಗೆ ಅದು ಅಚ್ಚುಕಟ್ಟಾದ ಪರಿಹಾರ. ಆಗ ತಿದ್ದುವುದಕ್ಕಿಂತ, ಎಲ್ಲ ಬಟ್ಟಲುಗಳಿಗೂ ಒಂದೇ ರೀತಿ ಬಂದಿದೆಯೇ ಎಂದು ಕೇಳುವುದು ಒಳ್ಳೆಯದು.

ಇದರ ನಂತರ ಪರಸ್ಪರ ಸಂಬಂಧವಿಲ್ಲದ ವಸ್ತುಗಳಿಗೆ ಬರಬೇಕು, ಉದಾಹರಣೆಗೆ ಮಣಿಗಳು ಮತ್ತು ಎಲೆಗಳು. ಇಲ್ಲಿ ಜೋಡಿ ಎಂಬುದು ವಸ್ತುವಿನಲ್ಲಿ ಇಲ್ಲ, ಮಗು ಅದನ್ನು ತಾನೇ ಕಲ್ಪಿಸಿಕೊಳ್ಳಬೇಕು. ಆದ್ದರಿಂದ ಇದು ಕಾಣುವುದಕ್ಕಿಂತ ದೊಡ್ಡ ಜಿಗಿತ. ಕಾಗದದ ಮೇಲೆ ಒಂದರ ಕೆಳಗೊಂದು ಎರಡು ಸಾಲು ಚೌಕಗಳನ್ನು ಬರೆದು, ಮೇಲಿನ ಸಾಲಿನಲ್ಲಿ ಮಣಿಗಳನ್ನೂ ಕೆಳಗಿನ ಸಾಲಿನಲ್ಲಿ ಎಲೆಗಳನ್ನೂ ಎಡತುದಿಯಿಂದ ಆರಂಭಿಸಿ ಇಡಲು ಹೇಳಿದರೆ ಜೋಡಣೆ ತಪ್ಪುವುದಿಲ್ಲ. ಮುಂದೆ ಚಿತ್ರದಲ್ಲಿರುವ ವಸ್ತುಗಳನ್ನು ಗೆರೆಯೆಳೆದು ಜೋಡಿಸಬಹುದು. ಇನ್ನೂ ಮುಂದೆ, ಕಣ್ಣಿಗೆ ಕಾಣದೆ ಹೋಗುವುದನ್ನೂ ಹೋಲಿಸಬಹುದು: ಒಬ್ಬರು ಚಪ್ಪಾಳೆ ತಟ್ಟಿದಂತೆಲ್ಲ ಮಗು ಕೆಂಪು ಬಟ್ಟಲಿಗೆ ಒಂದು ಹರಳು, ಇನ್ನೊಬ್ಬರು ತಟ್ಟಿದಂತೆಲ್ಲ ನೀಲಿ ಬಟ್ಟಲಿಗೆ ಒಂದು ಹರಳು ಹಾಕಲಿ, ಯಾರು ಹೆಚ್ಚು ಸಲ ತಟ್ಟಿದರು ಎಂಬುದನ್ನು ಕೊನೆಗೆ ಹರಳುಗಳನ್ನು ಜೋಡಿಸಿ ತಿಳಿಯಲಿ.

ಹಂಚುವ ಆಟವೂ ಇದೇ ಹಂತದ್ದು. "ನಿನಗೊಂದು, ನನಗೊಂದು" ಎನ್ನುತ್ತ ಹನ್ನೆರಡು ಹರಳುಗಳನ್ನು ಸಮವಾಗಿ ಹಂಚುವುದು ನಾಲ್ಕು ವರ್ಷದ ಹೆಚ್ಚಿನ ಮಕ್ಕಳಿಗೆ ಸಾಧ್ಯ. ಆದರೆ ಹಂಚಿದ ಮೇಲೆ ಒಂದು ಪಾಲನ್ನು ಎಣಿಸಿ ಆರು ಎಂದು ಹೇಳಿ, ಇನ್ನೊಂದು ಪಾಲನ್ನು ಕೈಯಿಂದ ಮುಚ್ಚಿ ಅದರಲ್ಲಿ ಎಷ್ಟಿವೆ ಎಂದು ಕೇಳಿದರೆ, ಅವರಲ್ಲಿ ಅನೇಕರು ಮತ್ತೆ ಎಣಿಸಲು ಹೊರಡುತ್ತಾರೆ. ಜೋಡಣೆಯ ಸಮತೆಯೂ ಎಣಿಕೆಯ ಉತ್ತರವೂ ಒಂದೇ ಸಂಗತಿಯ ಎರಡು ಮುಖಗಳೆಂದು ಅವರಿಗೆ ಇನ್ನೂ ಹೊಳೆದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ, ಮತ್ತು ಮುಂದಿನ ಹಂತದ ಕೆಲಸವೇ ಅದು.

ಎಣಿಸಿ ಹೋಲಿಸುವುದು

ಎಣಿಕೆಯನ್ನು ಹೋಲಿಕೆಗೆ ಬಳಸುವ ಮುನ್ನ ಒಂದು ಪರೀಕ್ಷೆ ಅಗತ್ಯ. ಹರಳುಗಳ ರಾಶಿಯಿಂದ "ನನಗೆ ನಾಲ್ಕು ಕೊಡು" ಎಂದು ಕೇಳಬೇಕು. ಹತ್ತರವರೆಗೆ ಸರಾಗವಾಗಿ ಹೇಳುವ ಮಗುವೂ ಒಂದು ಹಿಡಿ ತುಂಬ ಕೊಟ್ಟುಬಿಡಬಹುದು. ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಪ್ರಮಾಣ ಎಂಬ ತಿಳಿವಳಿಕೆ ಅನೇಕ ಮಕ್ಕಳಲ್ಲಿ ಮೂರೂವರೆಯಿಂದ ನಾಲ್ಕು ವರ್ಷದ ಆಸುಪಾಸಿನಲ್ಲಿ ಮೂಡುತ್ತದೆ ಎಂಬುದನ್ನು ಕರೆನ್ ವಿನ್ 1990ರ ದಶಕದ ಆರಂಭದಲ್ಲಿ ಇಂತಹದೇ ಕೇಳಿಕೆಗಳ ಮೂಲಕ ತೋರಿಸಿದರು. ಅದು ಮೂಡುವ ಮೊದಲು ಎಣಿಸಿ ಹೋಲಿಸಲು ಒತ್ತಾಯಿಸಿದರೆ, ಮಗು ಎರಡೂ ಗುಂಪುಗಳನ್ನು ಒಂದೇ ಉಸಿರಿನಲ್ಲಿ ಸೇರಿಸಿ ಎಣಿಸುತ್ತದೆ, ಇಲ್ಲವೇ ಒಂದನ್ನಷ್ಟೇ ಎಣಿಸಿ ನಮ್ಮ ಮುಖ ನೋಡುತ್ತದೆ.

ಈ ತಿಳಿವಳಿಕೆ ಬಂದ ಮೇಲೆ ಎರಡು ಬಣ್ಣದ ತಟ್ಟೆಗಳಲ್ಲಿ 5 ಮತ್ತು 7 ಹರಳುಗಳನ್ನಿಟ್ಟು, ಒಂದೊಂದು ತಟ್ಟೆಯನ್ನು ಬೇರೆಬೇರೆಯಾಗಿ ಎಣಿಸಿಸಿ, ಪ್ರತಿ ಸಲವೂ ತಟ್ಟೆಯ ಮೇಲೆ ಬಟ್ಟೆ ಮುಚ್ಚಬೇಕು. ವಸ್ತುಗಳು ಮರೆಯಾದ ಮೇಲೆ ಯಾವುದರಲ್ಲಿ ಹೆಚ್ಚು ಇವೆ ಎಂದು ಕೇಳಿದಾಗ ಮಗುವಿನ ಬಳಿ ಉಳಿಯುವುದು ಸಂಖ್ಯೆ ಮಾತ್ರ. ಉತ್ತರ ಬಂದ ನಂತರ ಬಟ್ಟೆ ತೆಗೆದು, ಹರಳುಗಳನ್ನು ಒಂದಕ್ಕೊಂದು ಜೋಡಿಸಿ, ಎರಡು ಉಳಿದದ್ದನ್ನು ನೋಡಲಿ. ಹೀಗೆ ಎಣಿಕೆಯನ್ನು ಜೋಡಣೆಯಿಂದ ಒರೆಗೆ ಹಚ್ಚುವ ಅಭ್ಯಾಸ ಬೆಳೆದರೆ, ದೊಡ್ಡವರ ಒಪ್ಪಿಗೆಗಾಗಿ ಕಾಯುವ ಚಾಳಿ ಕಡಿಮೆಯಾಗುತ್ತದೆ.

ಸಾಲು ಉದ್ದವಾದರೆ ಸಂಖ್ಯೆ ಹೆಚ್ಚಾಗುತ್ತದೆಯೇ?

ಆರು ಹರಳುಗಳ ಎರಡು ಸಾಲುಗಳನ್ನು ಎದುರೆದುರು ಸಮವಾಗಿಟ್ಟಾಗ "ಎರಡೂ ಅಷ್ಟೇ" ಎಂದ ಮಗು, ಒಂದು ಸಾಲಿನ ಹರಳುಗಳನ್ನು ದೂರ ದೂರ ಸರಿಸಿದ ಕೂಡಲೇ ಉದ್ದದ ಸಾಲಿನಲ್ಲಿ ಹೆಚ್ಚು ಇವೆ ಎನ್ನಬಹುದು. ಜೀನ್ ಪಿಯಾಜೆ ಮತ್ತು ಅಲೀನಾ ಶೆಮಿನ್ಸ್ಕಾ 1941ರಲ್ಲಿ ಪ್ರಕಟಿಸಿದ ಕೃತಿಯಿಂದ ಈ ಪ್ರಯೋಗ ಜಗತ್ತಿನ ಶಿಕ್ಷಕರಿಗೆಲ್ಲ ಪರಿಚಿತವಾಯಿತು. ಸುಮಾರು ಆರೇಳು ವರ್ಷಕ್ಕೆ ಮೊದಲು ಮಕ್ಕಳು ಸಂಖ್ಯೆಯ ಸ್ಥಿರತೆಯನ್ನು ಗ್ರಹಿಸುವುದಿಲ್ಲ ಎಂಬುದು ಪಿಯಾಜೆಯವರ ನಿಲುವಾಗಿತ್ತು.

ಆದರೆ 1970ರ ದಶಕದಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗವನ್ನು ಸ್ವಲ್ಪ ಬದಲಿಸಿ ನಡೆಸಿದರು. ಸಾಲನ್ನು ದೊಡ್ಡವರು ಗಂಭೀರವಾಗಿ ಸರಿಸುವ ಬದಲು, ತುಂಟ ಕರಡಿ ಗೊಂಬೆಯೊಂದು ಬಂದು ಆಟವನ್ನು ಕೆಡಿಸಿದಂತೆ ಮಾಡಿದಾಗ, ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಬಹಳ ಹೆಚ್ಚು ಮಂದಿ ಎರಡೂ ಸಾಲುಗಳು ಸಮವೇ ಎಂದು ಸರಿಯಾಗಿ ಹೇಳಿದರು. ಕಲಿಸುವವರಿಗೆ ಇದರಲ್ಲಿ ಎರಡು ಪಾಠಗಳಿವೆ. ದೊಡ್ಡವರು ಬೇಕೆಂದೇ ಏನನ್ನಾದರೂ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಎಂದು ಮಗು ಭಾವಿಸುತ್ತದೆ. ಆದ್ದರಿಂದ ಒಂದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳಿ ಮಗುವನ್ನು ಅಲುಗಾಡಿಸಬಾರದು. ಎರಡನೆಯದಾಗಿ, ಪ್ರಶ್ನೆಗೆ ಒಂದು ಕಾರಣವಿರುವ ಸನ್ನಿವೇಶವನ್ನು ಕಲ್ಪಿಸಬೇಕು. ಗೊಂಬೆಯೊಂದು ತಪ್ಪಾಗಿ ವಾದಿಸುತ್ತಿದೆ ಎಂದು ಹೇಳಿ, ಅದಕ್ಕೆ ತಿಳಿಹೇಳುವ ಕೆಲಸವನ್ನು ಮಗುವಿಗೆ ಒಪ್ಪಿಸಿದರೆ, ಮಗುವಿನ ಬಾಯಿಂದ ಬರುವ ವಿವರಣೆಯೇ ಅದರ ತಿಳಿವಳಿಕೆಯ ಮಟ್ಟವನ್ನು ತೋರಿಸುತ್ತದೆ: "ನೀನು ಒಂದನ್ನೂ ತೆಗೆಯಲಿಲ್ಲವಲ್ಲ" ಎನ್ನುವ ಮಗು, "ಎರಡೂ ಆರು" ಎನ್ನುವ ಮಗುವಿಗಿಂತಲೂ ಒಂದು ಹೆಜ್ಜೆ ಮುಂದಿದೆ ಎನ್ನಬಹುದು.

ಇಷ್ಟರ ಮೇಲೂ ಮಗು ಉದ್ದದ ಸಾಲನ್ನೇ ತೋರಿಸಿದರೆ, ಅದಕ್ಕೆ ಪ್ರತ್ಯೇಕ ತಾಲೀಮು ಕೊಡುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಜೋಡಿಸುವ ಮತ್ತು ಎಣಿಸುವ ಚಟುವಟಿಕೆಗಳನ್ನು ಮುಂದುವರಿಸಿಕೊಂಡು ಹೋಗುವುದಷ್ಟೇ ಸಾಕು. ಸರಿಯಾದ ಉತ್ತರವನ್ನು ಬಾಯಿಪಾಠ ಮಾಡಿಸಿದರೆ ಮಗು ನಮ್ಮ ಮುಂದೆ ಅದನ್ನು ಹೇಳುತ್ತದೆ, ಅಷ್ಟೇ ನೀರನ್ನು ಬೇರೆ ಆಕಾರದ ಲೋಟಕ್ಕೆ ಸುರಿದಾಗ ಮತ್ತೆ ಎಡವುತ್ತದೆ.

ಉದ್ದ, ತೂಕ, ನೀರು

ಎಣಿಸಲಾಗದ ಪ್ರಮಾಣಗಳನ್ನು ಈ ನಡುವೆ ಸಮಾನಾಂತರವಾಗಿ ಪರಿಚಯಿಸಬಹುದು. ಎರಡು ಕಡ್ಡಿಗಳ ಉದ್ದವನ್ನು ಹೋಲಿಸುವಾಗ ಎರಡರ ಒಂದು ತುದಿ ಒಂದೇ ಗೆರೆಯಲ್ಲಿರಬೇಕು ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುವುದಿಲ್ಲ. ಗೋಡೆಗೆ ತಾಗಿಸಿ ಅಳೆಯುವ ರೂಢಿ ಮಾಡಿಸಬೇಕು. ಮಾಂಟೆಸರಿ ಪದ್ಧತಿಯ ಸಂಖ್ಯಾದಂಡಗಳು 10 ಸೆಂಟಿಮೀಟರಿನಿಂದ 1 ಮೀಟರಿನವರೆಗೆ ಹತ್ತು ಸೆಂಟಿಮೀಟರಿನಂತೆ ಏರುತ್ತ ಹೋಗುತ್ತವೆ, ಮತ್ತು ಕೆಂಪು ನೀಲಿ ಪಟ್ಟಿಗಳಿಂದ ಉದ್ದವನ್ನೂ ಸಂಖ್ಯೆಯನ್ನೂ ಒಟ್ಟಿಗೆ ತೋರಿಸುತ್ತವೆ. ದಪ್ಪ ರಟ್ಟಿನಿಂದ ಇಂತಹವನ್ನು ಚಿಕ್ಕ ಅಳತೆಯಲ್ಲಿ ಮಾಡಿಕೊಳ್ಳಬಹುದು. ತೂಕಕ್ಕೆ ತಕ್ಕಡಿ ಬೇಕು, ಮತ್ತು ದೊಡ್ಡದಾದ ಹಗುರ ವಸ್ತುವನ್ನೂ ಚಿಕ್ಕದಾದ ಭಾರದ ವಸ್ತುವನ್ನೂ ಮೊದಲು ಕೈಯಲ್ಲಿ ಹಿಡಿಸಿಯೇ ಆಮೇಲೆ ತಕ್ಕಡಿಗೆ ಹಾಕಬೇಕು. ನೀರಿನ ಹೋಲಿಕೆಯಲ್ಲಿ ಒಂದೇ ಆಕಾರದ ಲೋಟಗಳಿಂದ ಆರಂಭಿಸುವುದು ಒಳಿತು.

"ಎಷ್ಟು ಹೆಚ್ಚು?" ಎಂಬ ಕಠಿಣ ಪ್ರಶ್ನೆ

ಯಾವುದು ಹೆಚ್ಚು ಎಂಬುದಕ್ಕೆ ಸರಿಯಾಗಿ ಉತ್ತರಿಸುವ ಮಗು ಎಷ್ಟು ಹೆಚ್ಚು ಎಂದ ಕೂಡಲೇ ದೊಡ್ಡ ಗುಂಪಿನ ಸಂಖ್ಯೆಯನ್ನೇ ಹೇಳಿಬಿಡುವುದು ತುಂಬ ಸಾಮಾನ್ಯ. 5 ಹಕ್ಕಿಗಳು ಮತ್ತು 4 ಹುಳುಗಳಿರುವ ಚಿತ್ರ ತೋರಿಸಿ "ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?" ಎಂದರೆ "ಐದು" ಎಂಬ ಉತ್ತರ ಬರುತ್ತದೆ. ಟಾಮ್ ಹಡ್ಸನ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹದೇ ಚಿತ್ರದ ಮುಂದೆ ಪ್ರಶ್ನೆಯನ್ನು ಬದಲಿಸಲಾಯಿತು: ಹಕ್ಕಿಗಳೆಲ್ಲ ಹಾರಿಬಂದು ಒಂದೊಂದು ಹುಳು ಹಿಡಿಯಲು ಹೊರಟರೆ, ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ? ಮೊದಲ ಪ್ರಶ್ನೆಗೆ ತಪ್ಪಿದ್ದ ಮಕ್ಕಳಲ್ಲಿ ಬಹುಪಾಲು ಮಂದಿ ಇದಕ್ಕೆ ಸರಿಯಾಗಿ ಉತ್ತರಿಸಿದರು. ಎರಡೂ ಪ್ರಶ್ನೆಗಳು ಗಣಿತದ ದೃಷ್ಟಿಯಿಂದ ಒಂದೇ ಆಗಿದ್ದರೂ, ಎರಡನೆಯದು ಜೋಡಣೆಯನ್ನು ಕಣ್ಣಮುಂದೆ ತರುತ್ತದೆ.

ಇದರಿಂದ ಬೋಧನೆಯ ದಾರಿ ಸ್ಪಷ್ಟವಾಗುತ್ತದೆ. ಮೊದಲ ಕೆಲವು ವಾರ "ಎಷ್ಟಕ್ಕೆ ಜೋಡಿ ಸಿಗಲಿಲ್ಲ?", "ಇನ್ನೂ ಎಷ್ಟು ತಂದರೆ ಎಲ್ಲರಿಗೂ ಸಾಕಾಗುತ್ತದೆ?" ಎಂದೇ ಕೇಳಬೇಕು. ಬಳಿಕ ಅದೇ ಚಿತ್ರವನ್ನಿಟ್ಟುಕೊಂಡು ಎರಡೂ ಮಾತುಗಳನ್ನು ಕೂಡಿಸಬೇಕು: "ಒಂದು ಹಕ್ಕಿಗೆ ಹುಳು ಸಿಗಲಿಲ್ಲ, ಅಂದರೆ ಹುಳುಗಳಿಗಿಂತ ಹಕ್ಕಿಗಳು ಒಂದು ಹೆಚ್ಚು." ವ್ಯತ್ಯಾಸ ಕಂಡುಹಿಡಿಯಲು ಕಳೆಯುವ ಲೆಕ್ಕವನ್ನು ಇಲ್ಲಿ ಅವಸರದಿಂದ ತರಬಾರದು. ಹೆಚ್ಚಿನ ಗುಂಪಿನಿಂದ ಏನನ್ನೂ ಯಾರೂ ತೆಗೆಯುತ್ತಿಲ್ಲವಾದ್ದರಿಂದ, ಕಳೆಯುವುದೆಂದರೆ ತೆಗೆಯುವುದು ಎಂದು ಕಲಿತ ಮಗುವಿಗೆ ಅದು ಅರ್ಥವಾಗದ ಆದೇಶವಾಗುತ್ತದೆ.

ಅಂಕಿಗಳ ಹೋಲಿಕೆ

ಬರೆದ ಅಂಕಿಗಳನ್ನು ಹೋಲಿಸುವಾಗಲೂ ಕಣ್ಣಳತೆಯ ಗುಣ ಹಿಂಬಾಲಿಸುತ್ತದೆ. 2 ಮತ್ತು 8ರಲ್ಲಿ ದೊಡ್ಡದನ್ನು ಹೇಳುವುದಕ್ಕಿಂತ 7 ಮತ್ತು 8ರಲ್ಲಿ ಹೇಳಲು ವಯಸ್ಕರೂ ಹೆಚ್ಚು ಸಮಯ ತೆಗೆದುಕೊಳ್ಳುತ್ತಾರೆ ಎಂಬುದನ್ನು ರಾಬರ್ಟ್ ಮೋಯರ್ ಮತ್ತು ಥಾಮಸ್ ಲ್ಯಾಂಡೌವರ್ 1967ರಲ್ಲೇ ತೋರಿಸಿದ್ದರು. ಆದ್ದರಿಂದ ಇಲ್ಲಿಯೂ ದೂರದ ಜೋಡಿಗಳಿಂದ ಹತ್ತಿರದ ಜೋಡಿಗಳ ಕಡೆಗೆ ಸಾಗಬೇಕು.

ಈ ಹಂತಕ್ಕೆ ಆಟಕ್ಕಿಂತ ಉತ್ತಮ ಸಾಧನವಿಲ್ಲ. 1ರಿಂದ 10ರವರೆಗಿನ ಒಂದೇ ಅಳತೆಯ ಮನೆಗಳನ್ನು ನೇರ ಸಾಲಿನಲ್ಲಿ ಬರೆದು, ಒಂದು ಅಥವಾ ಎರಡು ಬರುವಂತೆ ಚಕ್ರ ತಿರುಗಿಸಿ ಕಾಯಿ ನಡೆಸುವ ಆಟವನ್ನು ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಕಡಿಮೆ ಆದಾಯದ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಆಡಿಸಿದರು; 2008ರಲ್ಲಿ ಪ್ರಕಟವಾದ ಅವರ ಅಧ್ಯಯನಗಳ ಪ್ರಕಾರ, ಕಾಲು ಗಂಟೆಯಂತೆ ನಾಲ್ಕು ಸಲ ಆಡಿದ್ದರಿಂದಲೇ ಸಂಖ್ಯೆಗಳ ಪ್ರಮಾಣವನ್ನು ಹೋಲಿಸುವ ಸಾಮರ್ಥ್ಯ ಹೆಚ್ಚಿತ್ತು. ಇಂತಹ ಆಟದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಕಾಯಿ ನಾಲ್ಕರಲ್ಲಿದ್ದು ಎರಡು ಬಿದ್ದರೆ "ಒಂದು, ಎರಡು" ಎನ್ನದೆ "ಐದು, ಆರು" ಎಂದು ಮನೆಯ ಅಂಕಿಯನ್ನೇ ಹೇಳುತ್ತ ನಡೆಸಬೇಕು. ಇಬ್ಬರೂ ಅಂಕಿ ಬರೆದ ಒಂದೊಂದು ಚೀಟಿಯನ್ನು ತಿರುಗಿಸಿ, ದೊಡ್ಡ ಸಂಖ್ಯೆ ಬಂದವರು ಎರಡನ್ನೂ ಎತ್ತಿಕೊಳ್ಳುವ ಆಟವೂ ಚೆನ್ನಾಗಿದೆ. ಆಟ ಮಂದವಾದರೆ ಚಿಕ್ಕ ಸಂಖ್ಯೆ ಬಂದವರು ಗೆಲ್ಲುವಂತೆ ನಿಯಮವನ್ನು ಬದಲಿಸಿದರೆ "ಕಡಿಮೆ"ಗೂ ಅಭ್ಯಾಸ ಸಿಗುತ್ತದೆ.

ಚಿಹ್ನೆಗಳು ಕೊನೆಗೆ

= ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ 1557ರಲ್ಲಿ ಬಳಕೆಗೆ ತಂದರು; ಸಮಾನಾಂತರವಾದ ಎರಡು ಗೆರೆಗಳಿಗಿಂತ ಹೆಚ್ಚು ಸಮವಾದುದು ಬೇರೊಂದಿಲ್ಲ ಎಂಬುದು ಅವರು ಕೊಟ್ಟ ಕಾರಣ. > ಮತ್ತು < ಚಿಹ್ನೆಗಳು ಥಾಮಸ್ ಹ್ಯಾರಿಯಟ್ ತೀರಿಕೊಂಡ ಹತ್ತು ವರ್ಷಗಳ ನಂತರ, 1631ರಲ್ಲಿ ಅಚ್ಚಾದ ಅವರ ಕೃತಿಯಲ್ಲಿ ಕಾಣಿಸಿಕೊಂಡವು. ಗಣಿತವೇ ಶತಮಾನಗಳ ಕಾಲ ಈ ಚಿಹ್ನೆಗಳಿಲ್ಲದೆ ಹೋಲಿಕೆ ಮಾಡಿಕೊಂಡು ಬಂದಿರುವಾಗ, ಐದು ವರ್ಷದ ಮಗುವಿಗೆ ಅವು ಒಂದು ವರ್ಷ ತಡವಾಗಿ ಸಿಕ್ಕರೆ ನಷ್ಟವೇನಿಲ್ಲ.

ದೊಡ್ಡ ಸಂಖ್ಯೆಯ ಕಡೆಗೆ ಬಾಯಿ ತೆರೆದ ಮೊಸಳೆಯ ಚಿತ್ರದಿಂದ > ಮತ್ತು < ಕಲಿಸುವ ಪದ್ಧತಿ ಬಹಳ ಜನಪ್ರಿಯವಾಗಿದೆ. ಬಾಯಿ ಯಾವ ಕಡೆ ಎಂಬುದು ಅದರಿಂದ ನೆನಪಿರುತ್ತದೆ, ಆದರೆ "5 > 3" ಎಂಬುದನ್ನು ಐದು ಮೂರಕ್ಕಿಂತ ಹೆಚ್ಚು ಎಂದು ಓದಲು ಅದು ನೆರವಾಗುವುದಿಲ್ಲ. ಎಷ್ಟೋ ಮಕ್ಕಳು ಮೊಸಳೆ ಐದನ್ನು ತಿನ್ನುತ್ತದೆ ಎಂದು ಹೇಳಿ ಅಲ್ಲಿಗೇ ನಿಲ್ಲುತ್ತಾರೆ. ಅದರ ಬದಲು ಎಡಗಡೆ ಐದು ಘನಗಳ ಗೋಪುರ, ಬಲಗಡೆ ಮೂರು ಘನಗಳ ಗೋಪುರ ಕಟ್ಟಿಸಿ, ಎರಡರ ತುದಿಗಳನ್ನು ಮೇಲಿನ ಕಡ್ಡಿಯೊಂದರಿಂದಲೂ ಬುಡಗಳನ್ನು ಕೆಳಗಿನ ಕಡ್ಡಿಯೊಂದರಿಂದಲೂ ಸೇರಿಸಬಹುದು. ಎತ್ತರದ ಗೋಪುರದ ಕಡೆ ಕಡ್ಡಿಗಳು ಅಗಲವಾಗಿ ತೆರೆದುಕೊಂಡು, ಗಿಡ್ಡ ಗೋಪುರದ ಕಡೆ ಹತ್ತಿರ ಬರುತ್ತವೆ. ಗೋಪುರಗಳು ಸಮವಾಗಿದ್ದರೆ ಕಡ್ಡಿಗಳು ಸಮಾನಾಂತರವಾಗಿ ನಿಂತು ರೆಕಾರ್ಡ್ ಅವರ ಚಿಹ್ನೆಯೇ ಮೂಡುತ್ತದೆ. ಮೂರೂ ಚಿಹ್ನೆಗಳು ಒಂದೇ ಕುಟುಂಬದವು ಎಂದು ಮಗು ಹೀಗೆ ಕಣ್ಣಾರೆ ಕಾಣುತ್ತದೆ.

= ಚಿಹ್ನೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕೂಡುವ ಲೆಕ್ಕಗಳಲ್ಲಿ ಮಾತ್ರ ಅದನ್ನು ನೋಡಿದ ಮಕ್ಕಳು "ಉತ್ತರ ಇಲ್ಲಿ ಬರೆ" ಎಂಬ ಸೂಚನೆಯಾಗಿ ಅದನ್ನು ಓದುತ್ತಾರೆ. 8 + 4 = □ + 5 ಎಂದು ಕೊಟ್ಟರೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಯ ಮಕ್ಕಳೂ ಚೌಕದಲ್ಲಿ 7ರ ಬದಲು 12 ಅಥವಾ 17 ಬರೆಯುವುದು ಇದರಿಂದಲೇ. ಇದನ್ನು ತಪ್ಪಿಸಲು, ಚಿಹ್ನೆಯನ್ನು ಕೂಡುವ ಲೆಕ್ಕಕ್ಕಿಂತ ಮೊದಲೇ, ಎರಡು ತಟ್ಟೆಗಳ ನಡುವೆ ಇಡುವ ಪಟ್ಟಿಯಾಗಿ ಪರಿಚಯಿಸಬೇಕು. ಎರಡೂ ಕಡೆ ಐದೈದು ಹರಳುಗಳಿದ್ದಾಗ 5 = 5 ಎಂದು ಓದಿಸಬೇಕು. ನಂತರ ಬಲಗಡೆಯ ಐದನ್ನು ಕೆಂಪು ಮೂರು, ನೀಲಿ ಎರಡು ಹರಳುಗಳಾಗಿ ಬದಲಿಸಿ 5 = 3 + 2 ಎಂದೂ, ಎಡಗಡೆಯನ್ನೂ ಹಾಗೆಯೇ ಒಡೆದು 4 + 1 = 3 + 2 ಎಂದೂ ಓದಿಸಬೇಕು. ಪ್ರತಿ ಸಲವೂ "ಈ ಕಡೆ ಇರುವಷ್ಟೇ ಆ ಕಡೆಯೂ ಇದೆ" ಎಂಬ ಮಾತಿನಲ್ಲಿಯೇ ಓದಿಸಿ, ನಡುನಡುವೆ ಒಂದು ಹರಳನ್ನು ಗುಟ್ಟಾಗಿ ತೆಗೆದು, ಆ ಪಟ್ಟಿ ಅಲ್ಲಿರುವುದು ಈಗಲೂ ಸರಿಯೇ ಎಂದು ಮಗುವನ್ನು ಕೇಳಬೇಕು.